ಬೆಕ್ಕಿನ ತುಟಿ ಊದಿದರೆ: ಮೂಲ ಹುಡುಕುವ ಬಗೆ, ಚಿಕಿತ್ಸೆ ಆರಿಸುವ ಬಗೆ

ಹಾಲು ಕರೆದು ಒಳಗೆ ಬಂದ ಅವ್ವ, "ಬಾರೋ ಇಲ್ಲಿ, ಸಿಂಗಾರಿ ಮೂತಿ ಏನಾಗಿದೆ ನೋಡು" ಎಂದು ಕೂಗಿದಳು. ಒಲೆಯ ಬದಿಗೆ ಮುದುಡಿ ಕೂತಿದ್ದ ಬೆಕ್ಕಿನ ಮೇಲ್ದುಟಿ ಬಲಗಡೆ ಕಾಳುಮೆಣಸಿನಷ್ಟು ಉಬ್ಬಿ, ಮೂತಿಯೇ ಒಂದು ಪಕ್ಕಕ್ಕೆ ವಾಲಿದಂತಿತ್ತು. "ಜೇನು ಚುಚ್ಚಿರಬೇಕು ಕಣೋ, ಒಂದಿಷ್ಟು ಸುಣ್ಣ ಹಚ್ಚು" ಎಂದಳು. ನಮ್ಮದು ಸಕಲೇಶಪುರದ ಹತ್ತಿರ ತೋಟದ ಮನೆ. ಕಾಫಿ ಹೂ ಬಿಟ್ಟಿದ್ದ ದಿನಗಳು, ತೋಟದ ತುಂಬ ಜೇನು. ನನಗೂ ಹಾಗೇ ಅನ್ನಿಸಿತು. ಸುಣ್ಣ ಹಚ್ಚಲಿಲ್ಲ, ಅದೊಂದು ಒಳ್ಳೆಯದಾಯಿತು. ಆದರೆ ಇವತ್ತು ಇಳಿಯುತ್ತದೆ, ನಾಳೆ ಇಳಿಯುತ್ತದೆ ಎಂದು ಮೂರು ದಿನ ಸುಮ್ಮನೆ ಕಳೆದೆ. ನಿಜವಾದ ಮೂಲ ಸಿಕ್ಕಿದ್ದು ಹನ್ನೊಂದನೆಯ ದಿನ. ಆ ಹನ್ನೊಂದು ದಿನದಲ್ಲಿ ಕಲಿತದ್ದನ್ನೂ ಆಮೇಲೆ ಡಾಕ್ಟರ ಹತ್ತಿರ ಕೇಳಿ ತಿಳಿದದ್ದನ್ನೂ, ಬೆಕ್ಕು ಸಾಕಿದವರು ಬೆಳಗಿನ ಹೊತ್ತು ಗಾಬರಿಯಲ್ಲೂ ಬಳಸಬಹುದಾದ ರೀತಿಯಲ್ಲಿ ಇಲ್ಲಿ ಬರೆದಿದ್ದೇನೆ.

ತುಟಿಗಿಂತ ಮೊದಲು ಉಸಿರು

ಊತ ಎಷ್ಟೇ ದೊಡ್ಡದಿರಲಿ, ಮೊದಲು ನೋಡಬೇಕಾದ್ದು ಎದೆ. ಆರಾಮಾಗಿ ಮಲಗಿರುವ ಬೆಕ್ಕು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸಿ. ಸುಮ್ಮನೆ ಕೂತಿದ್ದಾಗಲೂ 40 ದಾಟಿದರೆ, ನಾಯಿಯ ಹಾಗೆ ಬಾಯಿ ತೆರೆದು ಉಸಿರು ಬಿಡುತ್ತಿದ್ದರೆ, ವಸಡು ಬಿಳಿಚಿಕೊಂಡಿದ್ದರೆ ಅಥವಾ ನೀಲಿಗಟ್ಟಿದ್ದರೆ, ಜೊಲ್ಲು ಸುರಿಸುತ್ತ ವಾಂತಿ ಮಾಡಿಕೊಂಡು ಕುಸಿಯುತ್ತಿದ್ದರೆ ಕಾರಣ ಹುಡುಕುತ್ತ ಕೂರಬೇಡಿ. ಅಲರ್ಜಿ ಜೋರಾದಾಗ ಬೆಕ್ಕಿಗೆ ಮೊದಲ ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ. ಬುಟ್ಟಿಯಲ್ಲೋ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲೋ ಹಾಕಿಕೊಂಡು ಹೊರಡಿ, ದಾರಿಯಲ್ಲೇ ಡಾಕ್ಟರಿಗೆ ಫೋನ್ ಮಾಡಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಉಸಿರು ಕಟ್ಟುತ್ತಿರುವ ಬೆಕ್ಕಿಗೆ ಅದು ದೂರದ ದಾರಿಯೇ, ಹಾಗಾಗಿ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಆಗುತ್ತದೆಯೇ ಎಂದು ಕೇಳಿ.

ಇನ್ನೊಂದು ಎಚ್ಚರಿಕೆ. ಬೆಕ್ಕಿನ ದನಿ ಬದಲಾಗಿದ್ದರೆ, ಕಾರಣವಿಲ್ಲದೆ ಮೈಮೇಲೆ ಎರಗುತ್ತಿದ್ದರೆ, ಕೆಳದವಡೆ ಜೋತು ಬಿದ್ದು ಜೊಲ್ಲು ಇಳಿಯುತ್ತಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ನಮ್ಮ ಕಡೆ ರೇಬಿಸ್ ಇನ್ನೂ ಇದೆ. ಪರೀಕ್ಷೆ ಮಾಡುವಾಗ ಯಾವ ಬೆಕ್ಕು ಕಚ್ಚಿದರೂ, ಪರಚಿ ರಕ್ತ ಬಂದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ತುಟಿಯನ್ನು ನೋಡುವುದು

ಉಸಿರು ಸರಿಯಿದೆ, ಬೆಕ್ಕು ಎಚ್ಚರವಾಗಿದೆ ಎಂದಾದರೆ ನಿಧಾನವಾಗಿ ನೋಡೋಣ. ಟಾರ್ಚಿಗಿಂತ ಬೆಳಗಿನ ಬೆಳಕು ಮೇಲು. ಹಳೆಯ ಟವೆಲ್ಲಿನಲ್ಲಿ ಕುತ್ತಿಗೆವರೆಗೆ ಸುತ್ತಿ, ಕಿಟಕಿ ಪಕ್ಕ ಮಡಿಲಲ್ಲಿ ಕೂರಿಸಿಕೊಳ್ಳಿ. ಬಾಯಿ ತೆರೆಸುವ ಅಗತ್ಯವಿಲ್ಲ. ಹೆಬ್ಬೆರಳಿನಿಂದ ಮೇಲ್ದುಟಿಯನ್ನು ತುಸು ಮೇಲಕ್ಕೆ ಸರಿಸಿದರೆ ಕೋರೆಹಲ್ಲು, ವಸಡು, ತುಟಿಯ ಒಳಮೈ ಮೂರೂ ಕಾಣುತ್ತವೆ. ಎಡವನ್ನೂ ಬಲವನ್ನೂ ಹೋಲಿಸಿ ನೋಡಿ. ಊದಿದ್ದು ಮೇಲ್ದುಟಿಯೋ ಕೆಳದುಟಿಯೋ, ಮುಟ್ಟಿದರೆ ನೋವೋ ಅಲ್ಲವೋ, ಬಿಸಿಯಿದೆಯೋ, ಮೆತ್ತಗಿದೆಯೋ ಗಟ್ಟಿಯೋ, ಚರ್ಮ ಹಾಗೇ ಇದೆಯೋ ಒಡೆದು ಹುಣ್ಣಾಗಿದೆಯೋ, ಇಷ್ಟನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫೋಟೋ ತೆಗೆಯುವಾಗ ಮೂತಿಯ ಪಕ್ಕ ಒಂದು ಕಾಫಿ ಬೀಜ ಹಿಡಿಯಿರಿ. ದಿನಾ ಅದೇ ಹೊತ್ತಿಗೆ, ಅದೇ ಬೀಜ ಹಿಡಿದು ತೆಗೆದರೆ ಊತ ಏರಿತೋ ಇಳಿಯಿತೋ ಎಂಬ ವಾದವೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಅವ್ವ ಇಳಿದಿದೆ ಎನ್ನುತ್ತಿದ್ದಳು, ನಾನು ಇಲ್ಲ ಎನ್ನುತ್ತಿದ್ದೆ. ಬೀಜ ಇಟ್ಟು ತೆಗೆದ ಮೇಲೆ ಗೊತ್ತಾಯಿತು, ಇಬ್ಬರದೂ ತಪ್ಪು: ಊತ ಅಷ್ಟೇ ಇತ್ತು, ಹುಣ್ಣು ಅಗಲವಾಗಿತ್ತು.

ರಾತ್ರೋರಾತ್ರಿ ಬಂದದ್ದೋ, ರಾತ್ರೋರಾತ್ರಿ ಕಂಡದ್ದೋ

ಇಡೀ ಪತ್ತೆ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ನಾನು ಎಡವಿದ್ದೂ ಇಲ್ಲೇ. ಬೆಕ್ಕಿನ ಮೂತಿಯನ್ನು ನಾವು ದಿನಾ ನೋಡುತ್ತೇವೆ, ಆದರೆ ಗಮನಿಸುವುದಿಲ್ಲ. ಮೊಬೈಲಿನಲ್ಲಿರುವ ಹಳೆಯ ಫೋಟೋಗಳನ್ನು ಹಿಂದಕ್ಕೆ ಸರಿಸುತ್ತ ಹೋಗಿ. ನಾಲ್ಕನೆಯ ದಿನ ನಾನು ಹಾಗೆ ಹುಡುಕಿದಾಗ ಹತ್ತು ದಿನ ಹಿಂದೆ ತಂಗಿಯ ಮಗಳು ಸಿಂಗಾರಿಯನ್ನು ಎತ್ತಿಕೊಂಡ ಫೋಟೋ ಸಿಕ್ಕಿತು. ದೊಡ್ಡದು ಮಾಡಿ ನೋಡಿದೆ. ತುಟಿಯ ಅಂಚಿನಲ್ಲಿ ಆಗಲೇ ಒಂದು ಗುಲಾಬಿ ಗೆರೆ. ಜೇನಿನ ಮಾತು ಅಲ್ಲಿಗೇ ಮುಗಿಯಿತು, ಯಾಕೆಂದರೆ ಜೇನು ಚುಚ್ಚಿದ ಊತ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯತೊಡಗುತ್ತದೆ.

*ಗಂಟೆಗಳಲ್ಲಿ ಬಂದದ್ದಾದರೆ* ಮೊದಲ ಅನುಮಾನ ಹುಳುಹುಪ್ಪಟೆಯ ಮೇಲೆ. ಜೇನು, ಕಣಜ, ಕಾಫಿ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ, ಮರದ ಬುಡದ ಕಂಬಳಿಹುಳು. ಬೆಕ್ಕು ಇವನ್ನೆಲ್ಲ ಮೊದಲು ಮೂತಿಯಿಂದಲೇ ವಿಚಾರಿಸುತ್ತದೆ. ಊತ ಮೆತ್ತಗಿರುತ್ತದೆ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿರುತ್ತದೆ. ಜೇನಾದರೆ ಮುಳ್ಳು ಉಳಿದಿರಬಹುದು. ಕಣಜ ಮುಳ್ಳು ಬಿಟ್ಟು ಹೋಗುವುದಿಲ್ಲ. ಮುಳ್ಳು ಕಂಡರೆ ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ಬೇಗ ಕೆರೆದು ತೆಗೆದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಒತ್ತಿ. ಕಂಬಳಿಹುಳುವಿನ ರೋಮ ಅಂಟಿದ್ದರೆ ಉಜ್ಜಬೇಡಿ, ಒಳಕ್ಕೆ ಇಳಿಯುತ್ತದೆ. ಅಂಟುಪಟ್ಟಿಯಿಂದ ಎತ್ತಿ ತೆಗೆಯಿರಿ.

ಗಂಟೆಗಳಲ್ಲಿ ಬರುವ ಇನ್ನೆರಡು ಕಾರಣಗಳಿವೆ, ಎರಡೂ ಅಪಾಯಕಾರಿ. ಒಂದು ಹಾವು. ಊತ ಗಂಟೆ ಗಂಟೆಗೂ ಕೆನ್ನೆ, ಕುತ್ತಿಗೆಗೆ ಹರಡುತ್ತಿದ್ದರೆ, ಚರ್ಮ ನೇರಳೆಗಟ್ಟುತ್ತಿದ್ದರೆ, ರಕ್ತ ಜಿನುಗುತ್ತಿದ್ದರೆ ಹಾವೆಂದೇ ತಿಳಿದು ಓಡಿ. ಕುಯ್ಯುವುದು, ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನ ತೋಟಗಳಲ್ಲಿ ಗಿಡದ ಮೇಲೆ ಸುತ್ತಿಕೊಂಡಿರುವ ಮಲಬಾರ್ ಗುಳಿ ಮಂಡಲಕ್ಕೆ ಅದು ಹೊಂದುವುದಿಲ್ಲ. ಹಾಗಾಗಿ ಹಾವನ್ನು ನೀವು ಕಂಡಿದ್ದರೆ ಬಣ್ಣ, ಉದ್ದ, ಎಲ್ಲಿತ್ತು ಎಂಬುದನ್ನು ಡಾಕ್ಟರಿಗೆ ಹೇಳಿ, ಹಿಡಿಯಲು ಹೋಗಬೇಡಿ. ಎರಡನೆಯದು ಕರೆಂಟು. ಮರಿಗಳು ಚಾರ್ಜರ್ ವೈರು ಕಚ್ಚುತ್ತವೆ. ಕಟಬಾಯಿಯಲ್ಲಿ ಬಿಳಿಚಿದ ಸುಟ್ಟ ಗೆರೆ ಬೀಳುತ್ತದೆ. ಮರಿ ಆಟವಾಡಿಕೊಂಡಿದ್ದರೂ ಅವತ್ತೇ ತೋರಿಸಿ, ಯಾಕೆಂದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಒಂದೂವರೆ ದಿನದವರೆಗೂ ತಡವಾಗಿ ಕಾಣಿಸಿಕೊಳ್ಳಬಹುದು.

*ಎರಡು ಮೂರು ದಿನದಲ್ಲಿ ಏರಿದ್ದಾದರೆ*, ಮುಟ್ಟಿದರೆ ಬಿಸಿ, ನೋವು, ಬೆಕ್ಕು ಮಂಕು, ಊಟ ಬಿಟ್ಟಿದೆ ಎಂದಾದರೆ ಕೀವು. ಗಂಡು ಬೆಕ್ಕುಗಳ ಜಗಳದಲ್ಲಿ ಬೀಳುವ ಹಲ್ಲಿನ ತೂತು ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಕುರು ಕಟ್ಟುತ್ತದೆ. ಬೆಕ್ಕಿನ ಸಾಮಾನ್ಯ ಮೈಬಿಸಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಜ್ವರದ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ಕುರುವನ್ನು ಹಿಂಡಬೇಡಿ. ಡಾಕ್ಟರು ಕೊಯ್ದು ಕೀವು ತೆಗೆದು ತೊಳೆದು ಆಂಟಿಬಯೋಟಿಕ್ ಕೊಟ್ಟರೆ ನಾಲ್ಕೈದು ದಿನದಲ್ಲಿ ಬೆಕ್ಕು ಬೇರೆಯೇ ಆಗುತ್ತದೆ. ಜಗಳದ ಗುರುತಿಲ್ಲ, ಬಾಯಿ ವಾಸನೆ ಬರುತ್ತದೆ, ಒಂದೇ ಪಕ್ಕದಲ್ಲಿ ಅಗಿಯುತ್ತದೆ ಎಂದರೆ ಹಲ್ಲಿನ ಬೇರು ನೋಡಬೇಕು. ಮೇಲಿನ ಕೋರೆಹಲ್ಲಿನ ಬೇರು ಕೊಳೆತರೆ ಊತ ತುಟಿಯ ಮೇಲ್ಭಾಗದಲ್ಲೇ ಕಾಣುತ್ತದೆ. ಮೀನಿನ ಮುಳ್ಳು, ಸೂಜಿ ಸಿಕ್ಕಿಕೊಂಡಿರಬಹುದು. ದಾರ ನಾಲಿಗೆ ಬುಡಕ್ಕೆ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಇನ್ನೊಂದು ತುದಿ ಕರುಳಿನಲ್ಲಿರಬಹುದು.

*ವಾರಗಟ್ಟಲೆಯದ್ದು, ನೋವಿಲ್ಲದ್ದು.* ನಮ್ಮ ಸಿಂಗಾರಿಯದು ಈ ಗುಂಪು. ಮೇಲ್ದುಟಿಯ ಅಂಚಿನಲ್ಲಿ, ಕೋರೆಹಲ್ಲು ತಾಗುವ ಜಾಗದ ಹತ್ತಿರ, ಸುತ್ತಲೂ ದಿಣ್ಣೆ, ನಡುವೆ ತಗ್ಗು, ಬಣ್ಣ ಗುಲಾಬಿ ಹಳದಿ. ನೋಡಿದರೆ ಕರುಳು ಚುರ್ ಎನ್ನುತ್ತದೆ, ಆದರೆ ಬೆಕ್ಕು ಒಣಮೀನನ್ನು ಕಟಕಟ ಅಗಿದು ತಿನ್ನುತ್ತಿರುತ್ತದೆ. ಇದಕ್ಕೆ ಇಂಡೊಲೆಂಟ್ ಅಲ್ಸರ್ ಅನ್ನುತ್ತಾರೆ. ಇಲಿ ಕಚ್ಚಿ ಬರುವುದೆಂದು ಹಿಂದೆ ನಂಬಿದ್ದರಿಂದ ರೋಡೆಂಟ್ ಅಲ್ಸರ್ ಎಂಬ ಹೆಸರೂ ಉಳಿದಿದೆ. ಇಲಿಗೂ ಇದಕ್ಕೂ ಸಂಬಂಧವಿಲ್ಲ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ತುಟಿಯಲ್ಲಿ ಗುಂಪುಗೂಡಿ ಮಾಡುವ ಹಾವಳಿ ಇದು, ಹೆಚ್ಚಾಗಿ ಇದರ ಹಿಂದೆ ಅಲರ್ಜಿ ಇರುತ್ತದೆ: ಚಿಗಟದ ಕಡಿತ, ಯಾವುದೋ ಆಹಾರ, ಗಾಳಿಯಲ್ಲಿನ ಧೂಳು ಪರಾಗ. ಎಳೆಯ ಬೆಕ್ಕುಗಳಲ್ಲಿ ಇದೇ ಜಾತಿಯ ಊತ ಕೆಳದುಟಿ ಗಲ್ಲಕ್ಕೆ ಬಂದು, ಸಿಟ್ಟಾದ ಮಗುವಿನ ಹಾಗೆ ತುಟಿ ಮುಂದಕ್ಕೆ ಬರುತ್ತದೆ; ಅದು ಎಷ್ಟೋ ಸಲ ತಾನೇ ಇಳಿಯುತ್ತದೆ.

ಗಲ್ಲದಲ್ಲಿ ಕಾಫಿಪುಡಿ ಉದುರಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ಮೊಡವೆ. ಪ್ಲಾಸ್ಟಿಕ್ ತಟ್ಟೆ ತೆಗೆದು ಸ್ಟೀಲಿನದು ಇಟ್ಟು ದಿನಾ ತೊಳೆಯಿರಿ. ಹತ್ತು ವರ್ಷ ದಾಟಿದ ಬೆಕ್ಕಿಗೆ ತುಟಿಯಲ್ಲಿ ಗಟ್ಟಿ ಗಂಟು, ರಕ್ತ, ಅಲುಗಾಡುವ ಹಲ್ಲು ಕಂಡರೆ ಕ್ಯಾನ್ಸರಿನ ಅನುಮಾನವನ್ನು ಮೊದಲು ಪರಿಹರಿಸಿಕೊಳ್ಳಬೇಕು. ತುಣುಕು ತೆಗೆದು ಬಯಾಪ್ಸಿಗೆ ಕಳಿಸುವುದನ್ನು ಮುಂದೂಡಬೇಡಿ.

ಬಾಚಣಿಗೆ ಪರೀಕ್ಷೆ

ನಾಲ್ಕನೆಯ ದಿನ ತೋರಿಸಿದ ಡಾಕ್ಟರು ಆಂಟಿಬಯೋಟಿಕ್ ಏಳು ದಿನಕ್ಕೆ ಬರೆದುಕೊಟ್ಟರು. ಸೋಂಕು ಸೇರಿಕೊಂಡಿದ್ದರೆ ಅದು ಬೇಕಾದ್ದೇ. ಹುಣ್ಣಿನ ಮೇಲಿನ ಒದ್ದೆ ಒಣಗಿತು, ತಗ್ಗು ಹಾಗೇ ಉಳಿಯಿತು. ಹನ್ನೊಂದನೆಯ ದಿನ ಹಾಸನಕ್ಕೆ ಕರೆದೊಯ್ದೆ. ಅಲ್ಲಿನ ಡಾಕ್ಟರು ತುಟಿಯನ್ನು ಅರ್ಧ ನಿಮಿಷ ನೋಡಿದರು, ಆಮೇಲೆ ಬೆಕ್ಕನ್ನು ತಿರುಗಿಸಿ ಬಾಲದ ಬುಡವನ್ನೇ ಹತ್ತು ನಿಮಿಷ ನೋಡಿದರು. "ಮನೇಲಿ ನಾಯಿ ಇದೆಯಾ?" ಎಂದು ಕೇಳಿದರು. "ಇದೆ ಸಾರ್." "ಎಲ್ಲಿ ಮಲಗುತ್ತೆ?" ಜಗಲಿಯ ಮೇಲಿನ ಗೋಣಿಚೀಲದ ಮೇಲೆ, ಮಧ್ಯಾಹ್ನ ನಾಯಿ ತೋಟಕ್ಕೆ ಹೋದ ಮೇಲೆ ಸಿಂಗಾರಿ ಮಲಗುವುದೂ ಅದರ ಮೇಲೇ.

ಅವರು ಮಾಡಿದ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಲದ ಬುಡ, ಹೊಟ್ಟೆಯ ಕೆಳಗೆ, ಕುತ್ತಿಗೆ ಸುತ್ತ ಬಾಚಿ. ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಉದುರಿಸಿ ಒಂದೆರಡು ನಿಮಿಷ ಬಿಡಿ. ಮಣ್ಣಾದರೆ ಮಣ್ಣಾಗಿಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಚುಕ್ಕೆಯ ಸುತ್ತ ತುಕ್ಕಿನ ಕೆಂಪು ಹರಡುತ್ತದೆ, ಯಾಕೆಂದರೆ ಅದು ಜೀರ್ಣವಾದ ರಕ್ತ. ನಮ್ಮ ಬಟ್ಟೆಯ ಮೇಲೆ ಏಳೆಂಟು ಕೆಂಪು ಚುಕ್ಕೆ ಅರಳಿದವು. ಚಿಗಟ ಒಂದೂ ಕಾಣಲಿಲ್ಲ. ಬೆಕ್ಕು ನೆಕ್ಕಿ ನೆಕ್ಕಿ ಅವನ್ನು ನುಂಗಿಬಿಡುತ್ತದೆ, ಹಾಗಾಗಿ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಅಲರ್ಜಿ ಇರುವ ಬೆಕ್ಕಿಗೆ ನಾಲ್ಕು ಕಡಿತವೇ ಸಾಕು.

ನಂತರ ಗಾಜಿನ ಸ್ಲೈಡನ್ನು ಹುಣ್ಣಿಗೆ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು: ಇಯೊಸಿನೊಫಿಲ್ ತುಂಬಿದ್ದವು. ಈ ಸ್ಲೈಡು ಸ್ಟೀರಾಯ್ಡ್ ಕೊಡುವ ಮೊದಲೇ ಆಗಬೇಕು. ಸ್ಟೀರಾಯ್ಡ್ ಒಳಗೆ ಹೋದ ಮೇಲೆ ಚಿತ್ರ ಮಸುಕಾಗುತ್ತದೆ. ಅದು ಫಂಗಸ್ಸೋ ಕೀವೋ ಆಗಿದ್ದರೆ ಇನ್ನಷ್ಟು ಕೆರಳುತ್ತದೆ. ಸ್ಲೈಡಿನಿಂದ ಖಚಿತವಾಗದಿದ್ದರೆ, ಚಿಕಿತ್ಸೆಗೆ ಬಗ್ಗದಿದ್ದರೆ ಬಯಾಪ್ಸಿ.

ಚಿಕಿತ್ಸೆಯ ತೂಕ

ಡಾಕ್ಟರು ನನ್ನ ಮುಂದೆ ಮೂರು ದಾರಿ ಇಟ್ಟರು. ಚಿಗಟ ನಿವಾರಣೆ ಮಾತ್ರ ಮಾಡಿ ಮೂರು ನಾಲ್ಕು ವಾರ ಕಾಯುವುದು. ಅದರ ಜೊತೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಇಲ್ಲವೇ ಮೀಥೈಲ್‌ಪ್ರೆಡ್ನಿಸೊಲೋನ್ ಅಸಿಟೇಟ್ ಎಂಬ, ವಾರಗಟ್ಟಲೆ ಒಳಗೇ ಉಳಿದು ಕೆಲಸ ಮಾಡುವ ಸ್ಟೀರಾಯ್ಡ್ ಇಂಜೆಕ್ಷನ್. ನನಗೆ ಇಂಜೆಕ್ಷನ್ನೇ ಸುಲಭ ಅನ್ನಿಸಿತ್ತು. ತೋಟದ ಕೆಲಸದ ನಡುವೆ ದಿನಾ ಬೆಕ್ಕಿಗೆ ಮಾತ್ರೆ ನುಂಗಿಸುವುದು ಯಾರಿಗೆ ಬೇಕು? ಡಾಕ್ಟರು ಹೇಳಿದ್ದು ಇಷ್ಟು: "ಇಂಜೆಕ್ಷನ್ ಒಂದು ಸಲ ಒಳಗೆ ಹೋದ್ರೆ ವಾಪಸ್ ತೆಗೆಯೋಕೆ ಆಗಲ್ಲ. ಮಾತ್ರೆ ಆದ್ರೆ ಡೋಸು ನಮ್ಮ ಕೈಲಿರುತ್ತೆ." ಸ್ಟೀರಾಯ್ಡ್‌ನಿಂದ ಕೆಲವು ಬೆಕ್ಕುಗಳಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಒಳಗೇ ಅಡಗಿದ್ದ ಹೃದಯದ ತೊಂದರೆ ಹೊರಬೀಳುತ್ತದೆ. ಹಾಗಾದಾಗ ಮಾತ್ರೆಯನ್ನು ಇಳಿಸಬಹುದು, ಇಂಜೆಕ್ಷನ್ನಿನ ಪರಿಣಾಮ ತಾನೇ ಮುಗಿಯುವವರೆಗೆ ಕಾಯಬೇಕು. ಕೈಗೇ ಸಿಗದ ಅರೆಕಾಡು ಬೆಕ್ಕಿಗೆ ಇಂಜೆಕ್ಷನ್ ಬಿಟ್ಟು ಬೇರೆ ದಾರಿಯಿಲ್ಲ, ಅಲ್ಲಿ ಅದು ಸರಿ. ಮಡಿಲಲ್ಲಿ ಮಲಗುವ ಬೆಕ್ಕಿಗೆ ಮಾತ್ರೆಯೇ ಸರಿ ಎಂಬುದು ನನ್ನ ತೀರ್ಮಾನ.

ಕಾಯುವ ದಾರಿಯೂ ಕೆಟ್ಟದ್ದಲ್ಲ. ಹುಣ್ಣು ಚಿಕ್ಕದು, ಬೆಕ್ಕು ಎಳೆಯದು, ಊಟ ಚೆನ್ನಾಗಿದೆ, ಚಿಗಟ ಸಿಕ್ಕಿದೆ ಎಂದಾದರೆ ನಾನು ಅದನ್ನೇ ಮೊದಲು ಮಾಡುತ್ತಿದ್ದೆ. ಸಿಂಗಾರಿಯ ಹುಣ್ಣು ಎರಡು ವಾರದಲ್ಲಿ ಮೂಗಿನ ಕಡೆಗೆ ಏರುತ್ತಿತ್ತು, ಅದಕ್ಕೇ ಮಾತ್ರೆಗೆ ಒಪ್ಪಿದೆ. ತೂಕ 3.4 ಕಿಲೋ, ದಿನಕ್ಕೆ 5 ಮಿಲಿಗ್ರಾಂ. ಸಾಮಾನ್ಯವಾಗಿ ಕಿಲೋಗೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಆದರೆ ಈ ಲೆಕ್ಕ ನೋಡಿ ನೀವೇ ಔಷಧಿ ಅಂಗಡಿಯಿಂದ ತಂದು ಶುರುಮಾಡಬೇಡಿ, ಸ್ಲೈಡು ನೋಡದೆ ಕೊಟ್ಟ ಸ್ಟೀರಾಯ್ಡ್ ಎಷ್ಟು ಕೆಡುಕು ಮಾಡಬಲ್ಲದು ಎಂದು ಮೇಲೆ ಹೇಳಿದ್ದೇನೆ. ಶುರು ಮಾಡಿದ್ದನ್ನು ಥಟ್ಟನೆ ನಿಲ್ಲಿಸಲೂ ಬಾರದು. ಸ್ಟೀರಾಯ್ಡ್ ನಡೆಯುತ್ತಿರುವಾಗ ಮೆಲಾಕ್ಸಿಕಾಂನಂಥ ನೋವಿನ ಔಷಧಿ ಸೇರಿಸಬಾರದು, ಹೊಟ್ಟೆ ಕರುಳಿನಲ್ಲಿ ಹುಣ್ಣಾಗುತ್ತದೆ. ಡಾಕ್ಟರು ಬೇರೆಯಾದರೆ ಹಿಂದಿನ ಚೀಟಿ ತೋರಿಸಿ.

ಚಿಗಟ ಹೋದ ಮೇಲೂ ಹುಣ್ಣು ಮರಳಿ ಬಂದರೆ ಆಹಾರದ ಸರದಿ. ಹಿಂದೆ ತಿನ್ನದ ಒಂದೇ ಬಗೆಯ ಮಾಂಸದ ಮೇಲೆ ಎಂಟು ವಾರ ಇಟ್ಟು ನೋಡಬೇಕು. ಆ ಎಂಟು ವಾರ ಒಂದು ಚೂರು ಒಣಮೀನೂ ಇಲ್ಲ. ಅದಕ್ಕೂ ಬಗ್ಗದಿದ್ದರೆ ಸೈಕ್ಲೊಸ್ಪೊರಿನ್ ಎಂಬ ಔಷಧಿ ಇದೆ, ದುಬಾರಿ, ಫಲ ಕಾಣಲು ತಿಂಗಳು ಬೇಕು.

ಚಿಗಟ ತೆಗೆಯುವಾಗ ಬೆಕ್ಕನ್ನೇ ಕೊಲ್ಲದಿರಲು

ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ದನಕ್ಕೆ ಉಣುಗು ಹತ್ತಿದಾಗ ಕೊಟ್ಟಿಗೆಯಲ್ಲಿ ಬಳಸುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಅಮಿಟ್ರಾಜ್ ಬೆಕ್ಕಿಗೆ ವಿಷ. ನಾಯಿಯ ಬೆನ್ನಿಗೆ ಬಿಡುವ ಹನಿಗಳಲ್ಲಿ ಪರ್ಮೆಥ್ರಿನ್ ಇದ್ದರೆ, ಆ ನಾಯಿಯ ಪಕ್ಕ ಮಲಗಿದ ಬೆಕ್ಕೂ ನಡುಗಿ, ಸೆಟೆದು ಸಾಯಬಹುದು. ನಮ್ಮ ಮನೆಯಲ್ಲಿ ಎರಡಕ್ಕೂ ಒಂದೇ ಹಾಸಿಗೆ, ಹಾಗಾಗಿ ನಾಯಿಗೂ ಪರ್ಮೆಥ್ರಿನ್ ಇಲ್ಲದ್ದೇ ಬೇಕು ಎಂದು ಕೇಳಿ ತಂದೆ. ಬೆಕ್ಕಿಗೆಂದೇ ತಯಾರಾದ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿಯನ್ನು ಅದರ ತೂಕಕ್ಕೆ ತಕ್ಕಂತೆ, ನಾಲಿಗೆ ಎಟುಕದ ಹಾಗೆ ಕತ್ತಿನ ಹಿಂದೆ ಕೂದಲು ಬಿಡಿಸಿ ಚರ್ಮದ ಮೇಲೇ ಬಿಡಬೇಕು. ಮನೆಯ ಎಲ್ಲ ಪ್ರಾಣಿಗೂ ಒಂದೇ ದಿನ.

ಊದಿದ ತುಟಿಗೆ ಮನೆಮದ್ದಿನ ಆಸೆಯೂ ಬೇಡ. ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆ ಸೇರುತ್ತದೆ. ಸುಣ್ಣ ನಾಲಿಗೆ ಸುಡುತ್ತದೆ. ಫಿನಾಯಿಲ್, ಡೆಟಾಲ್, ಕರ್ಪೂರದ ಮುಲಾಮು ಬೆಕ್ಕಿನ ಯಕೃತ್ತು ತಾಳದ ವಸ್ತುಗಳು. ಪ್ಯಾರಾಸಿಟಮಾಲ್ ಅಂತೂ ಒಂದು 500 ಮಿಲಿಗ್ರಾಂ ಮಾತ್ರೆಯೇ ಜೀವ ತೆಗೆಯಬಲ್ಲದು. ಮಾಡಬಹುದಾದ್ದು ತಣ್ಣೀರಿನ ಬಟ್ಟೆ, ಮೆತ್ತಗೆ ಕಿವುಚಿದ ಊಟ, ಕುಡಿಯಲು ನೀರು. ಎರಡು ದಿನ ಏನನ್ನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತದೆ. ತುಟಿಗಿಂತ ಅದೇ ದೊಡ್ಡ ಕಾಯಿಲೆಯಾಗುತ್ತದೆ.

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಕಡೆಯವರಿಗೆ ಅನುಕೂಲ. 1962ಕ್ಕೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ವಾಹನ ಮುಖ್ಯವಾಗಿ ದನಕರುಗಳಿಗಾಗಿ ಇರುವುದು, ಆದರೂ ದಿಕ್ಕು ತೋಚದಾಗ ಕೇಳಿ ನೋಡಬಹುದು. ಹೋಗುವಾಗ ಫೋಟೋ, ಬರೆದಿಟ್ಟ ಕಾಗದ, ಕೊಟ್ಟ ಮಾತ್ರೆಯ ಹಾಳೆ, ಆ ಕೆಂಪು ಚುಕ್ಕೆಯ ಬಟ್ಟೆ ಎಲ್ಲ ಒಯ್ಯಿರಿ.

ಗೋಣಿಚೀಲವನ್ನು ನಾನು ಮರುದಿನವೇ ಸುಟ್ಟೆ. ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದಲ್ಲಿ ಸಣ್ಣ ಪಾಲು. ಮೊಟ್ಟೆ, ಮರಿಹುಳು, ಕೋಶ ಎಲ್ಲ ಹಾಸಿಗೆಯಲ್ಲಿ, ಜಗಲಿಯ ಸಂದಿಯಲ್ಲಿರುತ್ತವೆ, ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಕಾದು ಕೂರಬಲ್ಲದು. ಜಗಲಿ ಕೆರೆದು ಗುಡಿಸಿ ಕುದಿನೀರು ಹೊಯ್ದೆ. ಈಗ ನಾಯಿಗೆ ಹತ್ತಿಬಟ್ಟೆಯ ಹಾಸಿಗೆ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಕಾಫಿ ಕಣದಲ್ಲಿ ಒಣಗಿಸುತ್ತೇವೆ. ಮಾತ್ರೆ ಶುರುವಾದ ಹತ್ತನೆಯ ದಿನಕ್ಕೆ ತಗ್ಗು ತುಂಬತೊಡಗಿತು, ಮೂರನೆಯ ವಾರ ದಿನ ಬಿಟ್ಟು ದಿನಕ್ಕೆ ಇಳಿಸಿದರು, ಏಳನೆಯ ವಾರ ನಿಂತಿತು. ತುಟಿಯ ಅಂಚಿನಲ್ಲಿ ಕೂದಲಿಲ್ಲದ ಒಂದು ಸಣ್ಣ ಕಚ್ಚು ಉಳಿದಿದೆ. ತಿಂಗಳ ಹನಿಯ ದಿನವನ್ನು ಅವ್ವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಗುರುತು ಹಾಕುತ್ತಾಳೆ.